ಕೂಟವಾಗಿದ್ದ ಆಟ



ನಮ್ಮ ಕಡೆಯಲ್ಲಿ ‘ಆಟ’ ಎಂದರೆ ಯಕ್ಷಗಾನ ಬಯಲಾಟ, ‘ಕೂಟ’ ಎಂದರೆ ತಾಳಮದ್ದಳೆ. ಕನ್ಯಾನ, ಕರೋಪಾಡಿ, ವಿಟ್ಲ, ಗಡಿ ದಾಟಿದರೆ ಬಾಯಾರು, ಪೈವಳಿಕೆ – ಈ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ‘ಇವತ್ತು ಆಟ ಉಂಟು’ ಎಂದರೆ ಬೇರೊಂದು ಅರ್ಥ ಹೊಳೆಯುವುದೇ ಇಲ್ಲ. ಆದುದರಿಂದ 2021ರ ಮಳೆಗಾಲದಲ್ಲಿ ಮಗಳ ಮಗ ನನ್ನ ಆರಾಮಕುರ್ಚಿಯ ಪಕ್ಕಕ್ಕೆ ಬಂದು “ಅಜ್ಜ, ಆಟಕ್ಕೆ ಬರ್ತೀರಾ?” ಎಂದು ಕೇಳಿದಾಗ, “ಆಟಿ ತಿಂಗಳಲ್ಲಿ ಯಾವ ಮೇಳದ ಆಟ ಮಾರಾಯ? ಪತ್ತನಾಜೆಗೆ ಗೆಜ್ಜೆ ಬಿಚ್ಚಿ ಆಯಿತಲ್ಲ!” ಎಂದು ನಾನು ಹೇಳಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಅವನು ನಕ್ಕು ಕೈಯಲ್ಲಿದ್ದ ಟ್ಯಾಬನ್ನು ನನ್ನ ಮಡಿಲಲ್ಲಿಟ್ಟ.

ಆ ವರ್ಷ ಬೆಂಗಳೂರಿನ ಶಾಲೆಗಳು ಮುಚ್ಚಿದ್ದವು. ಅವನಿಗೆ ಹನ್ನೆರಡು ವರ್ಷ. ಬೆಳಗ್ಗೆ ಕೊಡೆ ಹಿಡಿದುಕೊಂಡು ಗುಡ್ಡೆ ಹತ್ತಿ, ನೆಟ್‌ವರ್ಕ್ ಸಿಗುವ ಕಡೆ ಕುಳಿತು ಪಾಠ ಕೇಳಿ ಬರುತ್ತಿದ್ದ. ಮಧ್ಯಾಹ್ನದ ಮೇಲೆ ಕರೆಂಟ್ ಇರುತ್ತಿರಲಿಲ್ಲ. ಇದ್ದರೂ ಮಾಡುವುದಕ್ಕೆ ಏನೂ ಇರುತ್ತಿರಲಿಲ್ಲ. ಅವನು ತೋರಿಸಿದ ಆಟದ ಹೆಸರು ‘ಫೈನಲ್ ಫ್ಯಾಂಟಸಿ’. ಜಪಾನಿನದು. ಮೂಲತಃ 1987ರ ಡಿಸೆಂಬರಿನಲ್ಲಿ ಬಂದದ್ದು. ಅದನ್ನೇ ಒರಸಿ ತೊಳೆದು ಮೊಬೈಲಿಗೆ ಹೊಂದುವಂತೆ ಆ ಜುಲೈ ತಿಂಗಳಲ್ಲಷ್ಟೇ ಮತ್ತೆ ಬಿಡುಗಡೆ ಮಾಡಿದ್ದರು. ನಾಲ್ವರು ವೀರರು. ಅವರಿಗೆ ಹುಟ್ಟುಹೆಸರಿಲ್ಲ, ನಾವೇ ಇಡಬೇಕು, ಯಾರು ಯಾವ ಬಗೆಯ ವೇಷ ಎಂಬುದನ್ನೂ ನಾವೇ ಆರಿಸಬೇಕು. ಮೊಮ್ಮಗ ತಾನು ಕಳ್ಳನಾದ, ತಾಯಿಯನ್ನು ಕಪ್ಪು ಮಾಂತ್ರಿಕಳನ್ನಾಗಿ ಮಾಡಿದ, ಅಜ್ಜಿಯ ಕೈಗೆ ಖಡ್ಗ ಕೊಟ್ಟು ಯೋಧನ ಸ್ಥಾನದಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲಿಸಿದ. ನನಗೆ ಬಿಳಿ ಮಾಂತ್ರಿಕನ ಪಾತ್ರ. ಗಾಯಗೊಂಡವರಿಗೆ ಮಂತ್ರ ಹಾಕಿ ಗುಣಪಡಿಸುವುದು ಅವನ ಕೆಲಸ. ಹಿಂದಿನ ಸಾಲಿನಲ್ಲಿ ನಿಂತು ಉಪದೇಶ ಮಾಡುವವನು ಎಂದು ಮೊಮ್ಮಗನ ವಿವರಣೆ. ಮೂವತ್ತನಾಲ್ಕು ವರ್ಷ ಮಾಷ್ಟ್ರಿಕೆ ಮಾಡಿದವನು ಅದಕ್ಕೆ ಆಕ್ಷೇಪಿಸುವುದುಂಟೇ!

ಈ ಆಟದ ಮಾಲಿಕೆ ಮೂವತ್ತೆಂಟು ವರ್ಷಗಳಲ್ಲಿ ಹೇಗೆ ಬದಲಾಯಿತು, ಆ ಬದಲಾವಣೆಯಲ್ಲಿ ನನಗೆ ಒಪ್ಪಿಗೆಯಾಗದ್ದು ಏನು ಎಂಬುದನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಈ ಮುದುಕನಿಗೇಕೆ ವಿಡಿಯೋ ಗೇಮಿನ ಗೊಡವೆ ಎಂದು ಬಂಧುಗಳಲ್ಲಿ ಕೆಲವರು ಹುಬ್ಬೇರಿಸಬಹುದು. ತಾಳ್ಮೆಯಿಂದ ಓದಬೇಕಾಗಿ ವಿನಂತಿ.

ಮೊದಲು ಆ ಹಳೆಯ ಆಟದ ಯುದ್ಧ ಹೇಗೆಂಬುದನ್ನು ಹೇಳಬೇಕು. ವೈರಿ ಎದುರಾದ ಕೂಡಲೇ ಪರದೆ ಬದಲಾಗುತ್ತದೆ. ಒಂದು ಬದಿಯಲ್ಲಿ ರಾಕ್ಷಸರು, ಇನ್ನೊಂದು ಬದಿಯಲ್ಲಿ ನಮ್ಮ ನಾಲ್ವರು. ಯಾರೂ ಯಾರ ಮೇಲೂ ಬೀಳುವುದಿಲ್ಲ; ನಿಂತಿರುತ್ತಾರೆ. ಒಬ್ಬೊಬ್ಬರಿಗೂ ಏನು ಮಾಡಬೇಕೆಂದು ನಾವು ಅಪ್ಪಣೆ ಕೊಡಬೇಕು – ಹೊಡೆಯುವುದೋ, ಮಂತ್ರವೋ, ಮದ್ದೋ, ಪಲಾಯನವೋ. ನಾವು ಅಪ್ಪಣೆ ಕೊಟ್ಟು ಮುಗಿಸುವವರೆಗೆ ವೈರಿ ಕಾಯುತ್ತಾನೆ. ಒಲೆಯ ಮೇಲೆ ಹಾಲು ಉಕ್ಕಿತೆಂದು ಎದ್ದು ಹೋಗಿ ಬಂದರೂ ಕಾಯುತ್ತಾನೆ. ನಾನು ಕನ್ನಡಕ ಹುಡುಕಿ, ಒರಸಿ, ಮೂಗಿನ ಮೇಲಿಟ್ಟು, ಯಾವ ಮಂತ್ರ ಯಾರಿಗೆ ಎಂದು ಆಲೋಚಿಸುವಷ್ಟು ಹೊತ್ತೂ ಆ ರಾಕ್ಷಸ ಕತ್ತಿ ಹಿಡಿದು ಸಭ್ಯತೆಯಿಂದ ನಿಂತಿರುತ್ತಿದ್ದ. “ಅಜ್ಜ, ಈಗ ನಿಮ್ಮ ಸರದಿ” ಎನ್ನುತ್ತಿದ್ದ ಮೊಮ್ಮಗ. ನಾನು ಬೆರಳಿಟ್ಟ ಮೇಲೆಯೇ ಲೋಕ ಚಲಿಸುತ್ತಿತ್ತು.

ಇದನ್ನು ಕಂಡಾಗ ನನಗೆ ನೆನಪಾದದ್ದು ಕೂಟ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಒಂದು ಪದ್ಯ ಹೇಳುತ್ತಾರೆ, ಅರ್ಥಧಾರಿ ಅದನ್ನು ಹಿಡಿದು ಬೆಳೆಸುತ್ತಾನೆ, ಎದುರಿನವನು ಸುಮ್ಮನೆ ಕುಳಿತು ಕೇಳುತ್ತಾನೆ. ಕೇಳಲೇಬೇಕು, ಕೇಳದಿದ್ದರೆ ತನ್ನ ಸರದಿ ಬಂದಾಗ ಉತ್ತರವಿರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ನಿಮ್ಮಲ್ಲಿ ಕೆಲವರಾದರೂ ಇದ್ದೀರಿ. ಬಾಣ ನಾಟಿ ಬಿದ್ದ ಮೇಲೆ ವಾಲಿ ರಾಮನನ್ನು ಪ್ರಶ್ನಿಸುವ ಹೊತ್ತಿಗೆ ಹೊರಗೆ ಮಳೆ ಹೊಯ್ಯುತ್ತಿದ್ದರೂ ಒಳಗೆ ಸೂಜಿ ಬಿದ್ದರೆ ಕೇಳುವಂತಿರುತ್ತಿತ್ತು. ಆಗ ರಾಮನ ಅರ್ಥ ಹೇಳುವವರು ತಲೆ ತಗ್ಗಿಸಿ ಕೂತಿರುತ್ತಿದ್ದರು. ಆ ಕೂತಿರುವುದು ಕೆಲಸವಿಲ್ಲದ ಕೂತಿರುವಿಕೆಯಲ್ಲವೆಂದು ಸಭೆಗೆ ಗೊತ್ತಿತ್ತು. ನಿಜವಾದ ಯುದ್ಧ ನಡೆಯುತ್ತಿದ್ದುದು ಆ ಮೌನದಲ್ಲಿ.

ಈ ಬಗೆಯ ಆಟ ಜಪಾನಿನಲ್ಲಿ ಮನೆಮಾತಾದದ್ದು ಫೈನಲ್ ಫ್ಯಾಂಟಸಿಯಿಂದಲ್ಲ. 1986ರ ಮೇ ತಿಂಗಳಲ್ಲಿ ‘ಡ್ರ್ಯಾಗನ್ ಕ್ವೆಸ್ಟ್’ ಎಂಬುದು ಬಂತು. ಯೂಜಿ ಹೋರಿ ಎಂಬವರ ಕಲ್ಪನೆ. ಅದರ ಮೂರನೆಯ ಕಂತು 1988ರ ಫೆಬ್ರವರಿಯ ಒಂದು ಬುಧವಾರ ಬಿಡುಗಡೆಯಾದಾಗ ಮಕ್ಕಳು ಶಾಲೆಗೆ ಚಕ್ಕರ್ ಹಾಕಿ ಅಂಗಡಿಗಳ ಮುಂದೆ ಸಾಲುಗಟ್ಟಿದ್ದರಂತೆ. ಇನ್ನು ಮುಂದೆ ವಾರದ ದಿನ ಇದನ್ನು ಮಾರಬಾರದೆಂದು ಸರಕಾರವೇ ಕಾನೂನು ಮಾಡಿತೆಂಬ ಕಥೆಯೂ ಹುಟ್ಟಿಕೊಂಡಿದೆ. ಅದು ಕಟ್ಟುಕಥೆ, ಕಂಪನಿಯೇ ಮುಂದೆ ರಜಾದಿನಗಳನ್ನು ನೋಡಿಕೊಂಡಿತು. (ಊರಿನಲ್ಲಿ ಆಟವಾದ ಮರುದಿನ ನನ್ನ ತರಗತಿಯಲ್ಲಿ ಎಷ್ಟು ಬೆಂಚು ಖಾಲಿ ಇರುತ್ತಿತ್ತು, ಬಂದವರಲ್ಲಿ ಎಷ್ಟು ಮಂದಿ ತೂಕಡಿಸುತ್ತಿದ್ದಿರಿ ಎಂಬುದನ್ನು ನಾನು ಇನ್ನೂ ಮರೆತಿಲ್ಲ. ತೂಕಡಿಸುವವರಲ್ಲಿ ಮೇಜಿನ ಈಚೆಯವನೂ ಒಬ್ಬನಿದ್ದನೆಂಬುದು ಬೇರೆ ಮಾತು.)

ಫೈನಲ್ ಫ್ಯಾಂಟಸಿಯನ್ನು ರೂಪಿಸಿದವರು ಹಿರೊನೊಬು ಸಕಗುಚಿ. ‘ಫೈನಲ್’ ಎಂದರೆ ಕೊನೆಯದು. ಇದೂ ಸೋತರೆ ಈ ಕೆಲಸವನ್ನೇ ಬಿಡುವುದೆಂದು ಅವರು ನಿರ್ಧರಿಸಿದ್ದರು, ಅದಕ್ಕೇ ಆ ಹೆಸರು ಎಂದು ಬಹುಕಾಲ ಹೇಳುತ್ತಿದ್ದರು. ಎರಡೂ ಪದಗಳು ಒಂದೇ ಅಕ್ಷರದಿಂದ ಆರಂಭವಾದರೆ ಸಾಕಿತ್ತು, ಅಷ್ಟೇ ಎಂದು ಮುಂದೆ ಅವರೇ ಹೇಳಿದರು. ಏನೇ ಇರಲಿ, ‘ಇದೇ ಕೊನೆಯ ಆಟ’ ಎಂದು ಜೀಪಿನಲ್ಲಿ ಮೈಕ್ ಕಟ್ಟಿ ಸಾರಿದ ಟೆಂಟಿನ ಮೇಳ ಮರುವರ್ಷವೂ ಅದೇ ಗದ್ದೆಯಲ್ಲಿ ಟೆಂಟು ಹಾಕುವುದನ್ನು ಕಂಡವರು ನಾವು. ಈ ‘ಕೊನೆಯದು’ ಈಗ ಹದಿನಾರರವರೆಗೆ ಬಂದಿದೆ. ಪ್ರತಿ ಸಂಖ್ಯೆಯಲ್ಲಿಯೂ ಕಥೆ ಬೇರೆ, ಲೋಕ ಬೇರೆ, ಪಾತ್ರಗಳು ಬೇರೆ. ಆದರೆ ಸ್ಫಟಿಕ, ಕುದುರೆಯಂತೆ ಸವಾರಿ ಮಾಡಬಲ್ಲ ಹಳದಿ ಹಕ್ಕಿ, ‘ಸಿಡ್’ ಎಂಬ ಹೆಸರಿನ ಒಬ್ಬ – ಇವು ಮರಳಿ ಮರಳಿ ಬರುತ್ತವೆ. ಪ್ರಸಂಗ ಬೇರೆಯಾದರೂ ಕಿರೀಟವೇಷ, ಬಣ್ಣದ ವೇಷ, ಹಾಸ್ಯಗಾರ ಇರುವಂತೆ. ನೊಬುವೊ ಉವೆಮಾತ್ಸು ಎಂಬವರು ಸಂಯೋಜಿಸಿದ ಆರಂಭದ ಸ್ವರಾವಳಿಯಂತೂ ಹೆಚ್ಚಿನ ಎಲ್ಲ ಕಂತುಗಳಲ್ಲಿಯೂ ಉಂಟು. ಏರುತ್ತ ಹೋಗಿ ಇಳಿದು ಬರುವ ಆ ನಾದವನ್ನು ಕೇಳಿದರೆ, ದೂರದ ಗದ್ದೆಯಲ್ಲಿ ಕೇಳಿ ಬಡಿದಂತೆ, ಈಗಲೂ ನನ್ನ ಕಿವಿ ನಿಮಿರುತ್ತದೆ. ಇನ್ನೊಂದು ಸ್ವಾರಸ್ಯ: ಮೊದಲನೆಯ ಆಟದಲ್ಲಿ ಒಬ್ಬ ಖಳನನ್ನು ಕೊಂದು, ರಾಜಕುಮಾರಿಯನ್ನು ಬಿಡಿಸಿ ತಂದು, ರಾಜ ಸೇತುವೆ ಕಟ್ಟಿಸಿಕೊಟ್ಟ ಮೇಲೆಯೇ ಪೀಠಿಕೆಯ ಬರಹ ಮೂಡುವುದು. ಅಷ್ಟು ಹೊತ್ತಿನದು ಪೂರ್ವರಂಗ! ಅದನ್ನು ಕಂಡು ನಾನು ಚಪ್ಪಾಳೆ ತಟ್ಟಿದೆ. ಮೊಮ್ಮಗನಿಗೆ ಯಾಕೆಂದು ಅರ್ಥವಾಗಲಿಲ್ಲ.

ಬದಲಾವಣೆಯ ಮೊದಲ ಬಿರುಕು ಬಿದ್ದದ್ದು 1991ರಲ್ಲಿ, ನಾಲ್ಕನೆಯ ಕಂತಿನಲ್ಲಿ. ಅಲ್ಲಿಯವರೆಗೆ ಸರದಿಗೆ ಗಡಿಯಾರವಿರಲಿಲ್ಲ. ಹಿರೊಯುಕಿ ಇತೊ ಎಂಬ ವಿನ್ಯಾಸಕಾರರಿಗೆ ಫಾರ್ಮುಲಾ ಒನ್ ಕಾರಿನ ಪಂದ್ಯ ನೋಡುವಾಗ ಒಂದು ಯೋಚನೆ ಹೊಳೆಯಿತಂತೆ: ಒಂದೊಂದು ಕಾರಿಗೂ ಒಂದೊಂದು ವೇಗವಿರುವಂತೆ ಪಾತ್ರಗಳಿಗೂ ಇರಬಾರದೇಕೆ? (ಅವರು ನಮ್ಮೂರಿನವರಾಗಿದ್ದರೆ ಕಂಬಳದ ಕರೆಯ ಬದಿಯಲ್ಲಿ ಹೊಳೆಯುತ್ತಿತ್ತು.) ಹಾಗೆ ಪ್ರತಿ ಪಾತ್ರಕ್ಕೂ ಕಾಣದ ಒಂದು ಅಳತೆಗೋಲು ಬಂತು. ಅದು ತುಂಬುತ್ತ ಹೋಗುತ್ತದೆ, ತುಂಬಿದಾಗ ಸರದಿ. ಆದರೆ ವೈರಿಯ ಗೋಲೂ ತುಂಬುತ್ತಿರುತ್ತದೆ. ನೀವು ಯೋಚಿಸುತ್ತ ಕುಳಿತರೆ ಅವನು ಹೊಡೆದೇ ಬಿಡುತ್ತಾನೆ. ಮುಂದಿನ ಕಂತುಗಳಲ್ಲಿ ಆ ಗೋಲನ್ನು ಕಣ್ಣಿಗೆ ಕಾಣುವಂತೆಯೂ ಮಾಡಿದರು, ಮಂತ್ರಗಳ ಪಟ್ಟಿ ತೆರೆದಿರುವಾಗ ಕಾಲ ನಿಲ್ಲುವ ಸೌಕರ್ಯವೊಂದನ್ನೂ ಇಟ್ಟರು. ನನ್ನಂಥವನು ಬದುಕಿದ್ದು ಅದರ ದೆಸೆಯಿಂದ. ಒಟ್ಟಿನಲ್ಲಿ, ಕೂಟದ ಮಧ್ಯೆ ಸಂಘಟಕರು ಎದ್ದು ಗಡಿಯಾರ ತೋರಿಸಿದ ಹಾಗಾಯಿತು. ಹಾಗಿದ್ದರೂ ಕೂಟ ಕೂಟವಾಗಿಯೇ ಉಳಿಯಿತೆಂದು ಒಪ್ಪಬೇಕು.

1997ರ ಜನವರಿಯಲ್ಲಿ ಬಂದ ಏಳನೆಯ ಕಂತಿನ ವಿಷಯ ನಿಮ್ಮಲ್ಲಿ ಅನೇಕರಿಗೆ ನನಗಿಂತ ಹೆಚ್ಚು ಗೊತ್ತಿರಬಹುದು. ಮೂರು ಸಿ.ಡಿ.ಗಳು, ಚಪ್ಪಟೆ ಚಿತ್ರಗಳ ಜಾಗದಲ್ಲಿ ಮೂರು ಆಯಾಮದ ಆಕೃತಿಗಳು, ನಡುನಡುವೆ ಸಿನೆಮಾದಂಥ ದೃಶ್ಯಗಳು. ಜಪಾನಿನ ಹೊರಗೆ ಈ ಮಾಲಿಕೆಗೆ ಲೋಕಪ್ರಸಿದ್ಧಿ ತಂದದ್ದು ಇದೇ. ಇದುವರೆಗೆ ಒಂದು ಕೋಟಿಗೂ ಮಿಕ್ಕಿ ಪ್ರತಿಗಳು ಹೋಗಿವೆ. ಅದರಲ್ಲಿ ಏರಿತ್ ಎಂಬ ಹೂ ಮಾರುವ ಹುಡುಗಿ ಇದ್ದಾಳೆ. ಮೊದಲನೆಯ ಸಿ.ಡಿ.ಯ ಕೊನೆಗೆ ಸೆಫಿರಾತ್ ಎಂಬ ಖಳ ಅವಳನ್ನು ಕೊಲ್ಲುತ್ತಾನೆ. ಆಟದಲ್ಲಿ ಸತ್ತವರನ್ನು ಎಬ್ಬಿಸುವ ಮದ್ದುಂಟು, ಆದರೆ ಇವಳಿಗೆ ಅದು ನಾಟುವುದಿಲ್ಲ. ಅವಳನ್ನು ಬದುಕಿಸುವ ಗುಪ್ತಮಾರ್ಗವಿದೆಯೆಂದು ಎಷ್ಟೋ ವರ್ಷ ಮಂದಿ ಹುಡುಕಾಡಿದರಂತೆ. ನಮ್ಮಲ್ಲಿ ಅಭಿಮನ್ಯು ಬಿದ್ದಾಗಲೂ ಹೆಂಗಸರು ಸೆರಗಿನಿಂದ ಕಣ್ಣೊರಸುತ್ತಿದ್ದರು; ಆದರೆ ನಾಳೆ ಇನ್ನೊಂದು ಊರಿನಲ್ಲಿ ಅವನೇ ಎದ್ದು ಕುಣಿಯುತ್ತಾನೆಂಬ ಸಮಾಧಾನವಿತ್ತು. ಈಗ ಅದೇ ಏಳನೆಯ ಕಥೆಯನ್ನು ಮೂರು ಭಾಗಗಳಾಗಿ ಹೊಸದಾಗಿ ಕಟ್ಟುತ್ತಿದ್ದಾರೆ. 2020ರಲ್ಲಿ ಒಂದು ಭಾಗ ಬಂತು, 2024ರಲ್ಲಿ ಎರಡನೆಯದು. ಎರಡನೆಯದರಲ್ಲಿ ಆ ಮರಣವನ್ನು ಸತ್ತಳೋ ಇಲ್ಲವೋ ಎಂಬ ಗೊಂದಲದಲ್ಲಿ ಇಟ್ಟಿದ್ದಾರೆ. ನನಗೆ ಅದು ಸರಿಕಾಣಲಿಲ್ಲ.

ನನ್ನ ಮನಸ್ಸಿಗೆ ಬಹಳ ಹತ್ತಿರವಾದದ್ದು 2001ರ ಹತ್ತನೆಯದು. ವಿಚಿತ್ರವೆಂದರೆ, ಎಲ್ಲ ಬಗೆಯಲ್ಲಿಯೂ ಮುಂದಕ್ಕೆ ಹೋದ ಈ ಕಂತು ಒಂದು ವಿಷಯದಲ್ಲಿ ಹಿಂದಕ್ಕೆ ಬಂತು. ಪಾತ್ರಗಳಿಗೆ ಮೊದಲ ಬಾರಿಗೆ ಮಾತಿನ ಧ್ವನಿ ಬಂದದ್ದು ಇದರಲ್ಲಿ. ಆದರೆ ಯುದ್ಧದಲ್ಲಿ ಗಡಿಯಾರವನ್ನು ತೆಗೆದುಹಾಕಿ, ಪರದೆಯ ಒಂದು ಬದಿಯಲ್ಲಿ ಯಾರ ಸರದಿ, ಅನಂತರ ಯಾರದು ಎಂಬ ಪಟ್ಟಿಯನ್ನೇ ತೂಗುಹಾಕಿದರು. ನೀವು ಮಾಡುವ ಕೆಲಸಕ್ಕೆ ತಕ್ಕಂತೆ ಪಟ್ಟಿ ಬದಲಾಗುತ್ತದೆ. ಹಗುರಾದ ಕೆಲಸ ಮಾಡಿದರೆ ಸರದಿ ಬೇಗ, ಭಾರದ್ದಾದರೆ ತಡ. ಯೋಚಿಸಲು ಎಷ್ಟು ಹೊತ್ತಾದರೂ ಆಗಲಿ. ಕೂಟದ ಪರಮಾವಧಿ ಎಂದು ನಾನು ಹೇಳುವುದು ಇದನ್ನು. ಕಥಾನಾಯಕನಿಗೆ ಟೀಡಸ್ ಎಂದು ಹೆಸರಿದ್ದರೂ ಆಡುವವನು ಬೇರೆ ಹೆಸರಿಡಬಹುದು. ಆ ಕಾರಣದಿಂದ ಇಡೀ ಆಟದಲ್ಲಿ ಯಾವ ಪಾತ್ರವೂ ಅವನನ್ನು ಹೆಸರು ಹಿಡಿದು ಕರೆಯುವುದಿಲ್ಲ. ಆಡುವವನಿಗಾಗಿ ಬಿಟ್ಟ ಖಾಲಿ ಜಾಗ ಅದು. ಯೂನಾ ಎಂಬ ಹುಡುಗಿ ನೀರಿನ ಮೇಲೆ ಕುಣಿದು ಸತ್ತವರನ್ನು ಕಳುಹಿಸಿಕೊಡುವ ಸನ್ನಿವೇಶವೊಂದಿದೆ. ರಾತ್ರಿಯಿಡೀ ಆಟ ನೋಡಿದ ಕಣ್ಣುಗಳಿಗೆ ಅದನ್ನು ವಿವರಿಸಬೇಕಾಗಿಲ್ಲ.

ಅಲ್ಲಿಂದ ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 2003ರಲ್ಲಿ ಸ್ಕ್ವೇರ್ ಮತ್ತು ಎನಿಕ್ಸ್ ಎಂಬ ಪ್ರತಿಸ್ಪರ್ಧಿ ಕಂಪನಿಗಳು ಒಂದಾದವು. ಎರಡು ಮೇಳಗಳು ಒಂದೇ ಯಜಮಾನಿಕೆಗೆ ಬಂದ ಹಾಗೆ. 2006ರ ಹನ್ನೆರಡನೆಯದರಲ್ಲಿ ಯುದ್ಧಕ್ಕೆಂದು ಪರದೆ ಬದಲಾಗುವುದು ನಿಂತಿತು. ಸಂಗಡಿಗರಿಗೆ ಮೊದಲೇ ನಿಯಮ ಬರೆದುಕೊಟ್ಟರೆ ಅವರೇ ಕಾದಾಡುವ ವ್ಯವಸ್ಥೆ. 2009ರ ಹದಿಮೂರನೆಯದು ನೋಡಲು ಚಂದ, ಆದರೆ ಬಹುದೂರದವರೆಗೆ ಓಣಿಯಲ್ಲಿ ನಡೆಸಿಕೊಂಡು ಹೋದಂತಾಯಿತೆಂದು ಹಲವರು ದೂರಿದರು. ಸಾವಿರಾರು ಮಂದಿ ಒಟ್ಟಾಗಿ ಅಂತರ್ಜಾಲದಲ್ಲಿ ಆಡುವ ಹದಿನಾಲ್ಕನೆಯದು 2010ರಲ್ಲಿ ಬಂದು ಸೋತಿತು. ಅದನ್ನು ಮುಚ್ಚಿ, ತಪ್ಪೊಪ್ಪಿಕೊಂಡು, ಹೊಸದಾಗಿ ಕಟ್ಟಿ 2013ರಲ್ಲಿ ಮತ್ತೆ ತೆರೆದರು, ಗೆದ್ದರು. ತಪ್ಪಾದ ಲೆಕ್ಕವನ್ನು ಪೂರ್ತಿ ಅಳಿಸಿ ಮೊದಲಿನಿಂದ ಮಾಡುವ ವಿದ್ಯಾರ್ಥಿಗೆ ನಾನು ಯಾವಾಗಲೂ ಎರಡು ಅಂಕ ಹೆಚ್ಚು ಕೊಡುತ್ತಿದ್ದೆ.

2016ರ ಹದಿನೈದನೆಯದರಲ್ಲಿ ಸರದಿ ಬಹುಮಟ್ಟಿಗೆ ಹೋಯಿತು. 2023ರ ಜೂನಿನಲ್ಲಿ ಬಂದ ಹದಿನಾರನೆಯದರಲ್ಲಿ ಪೂರ್ತಿ ಹೋಯಿತು. ಅದರ ಕಾದಾಟವನ್ನು ರೂಪಿಸಿದ ರ‍್ಯೋತ ಸುಝುಕಿ, ಕ್ಷಣಕ್ಷಣಕ್ಕೂ ಬೆರಳೋಡಿಸಬೇಕಾದ ‘ಡೆವಿಲ್ ಮೇ ಕ್ರೈ’ ಎಂಬ ಬೇರೊಂದು ಆಟದಿಂದ ಬಂದವರು. ನಿರ್ಮಾಪಕ ನವೊಕಿ ಯೋಶಿದ – ಹದಿನಾಲ್ಕನೆಯದನ್ನು ಬದುಕಿಸಿದವರೂ ಇವರೇ – ತಾವು ಅಪ್ಪಣೆ ಕೊಟ್ಟು ಕಾಯುವ ಆಟಗಳಲ್ಲೇ ಬೆಳೆದವರಾದರೂ, ಅದರ ಸ್ವಾರಸ್ಯ ಈಗಿನ ತರುಣರಿಗೆ ಅರ್ಥವಾಗುತ್ತಿಲ್ಲವೆಂಬ ಮಾತು ಹೆಚ್ಚಾಗಿ ಕೇಳಿಬರುತ್ತಿದೆ ಎಂಬರ್ಥದಲ್ಲಿ ಸಂದರ್ಶನಗಳಲ್ಲಿ ಹೇಳಿದ್ದಾರೆ.

ಆ ವರ್ಷದ ದಸರಾ ರಜೆಯಲ್ಲಿ ನಾನು ಮಗಳ ಮನೆಗೆ ಹೋಗಿದ್ದೆ. ಮೊಮ್ಮಗ ಆಗಲೇ ನನಗಿಂತ ಎತ್ತರ. ದೊಡ್ಡ ಟಿ.ವಿ.ಯ ಮುಂದೆ ನನ್ನನ್ನು ಕೂರಿಸಿ ಹದಿನಾರನೆಯದನ್ನು ತೋರಿಸಿದ. ಬೆಂಕಿಯ ಹಕ್ಕಿ, ಬೆಟ್ಟದಷ್ಟು ದೊಡ್ಡ ದೈತ್ಯ, ಆಕಾಶ ಒಡೆದಂಥ ಸದ್ದು. ಅದ್ಭುತವೇ, ಸಂಶಯವಿಲ್ಲ. ಕೊನೆಗೆ ಕಂಟ್ರೋಲರನ್ನು ನನ್ನ ಕೈಗಿತ್ತ. ನನ್ನ ಬಲಗೈ ಈಗ ಕೆಲವು ವರ್ಷಗಳಿಂದ ತುಸು ನಡುಗುತ್ತದೆ. ಕಾಗದ ಬರೆಯುವುದನ್ನು ನಿಲ್ಲಿಸಿ ಈ ಬ್ಲಾಗಿಗೆ ಬಂದದ್ದೂ ಅದರಿಂದಲೇ ಎಂಬುದು ನಿಮಗೆ ತಿಳಿದಿದೆ. ನಾನು ಯಾವ ಗುಂಡಿ ಎಂದು ನೋಡುವಷ್ಟರಲ್ಲಿ ನಾಯಕ ಮಣ್ಣುಮುಕ್ಕಿದ್ದ. ಮತ್ತೊಮ್ಮೆ, ಮಗದೊಮ್ಮೆ. “ಅಜ್ಜ, ನಿಮಗೆ ಉಂಗುರ ಹಾಕಿ ಕೊಡ್ತೇನೆ” ಎಂದ. ಆ ಆಟದಲ್ಲಿ ಕೆಲವು ಉಂಗುರಗಳುಂಟು. ಒಂದನ್ನು ತೊಟ್ಟರೆ ಪೆಟ್ಟು ಬೀಳುವ ಕ್ಷಣದಲ್ಲಿ ಕಾಲ ನಿಧಾನವಾಗುತ್ತದೆ. ಇನ್ನೊಂದನ್ನು ತೊಟ್ಟರೆ ಒಂದೇ ಗುಂಡಿ ಒತ್ತುತ್ತಿದ್ದರಾಯಿತು, ನಾಯಕ ತಾನಾಗಿ ತರತರದ ವರಸೆಗಳನ್ನು ಹಾಕುತ್ತಾನೆ. ಕೈ ಸೋತವರಿಗಾಗಿ ಒಳ್ಳೆಯ ಮನಸ್ಸಿನಿಂದ ಮಾಡಿದ ಏರ್ಪಾಡು. ನಾನು ಗುಂಡಿ ಒತ್ತಿದೆ, ನಾಯಕ ಗೆದ್ದ, ಮೊಮ್ಮಗ ಬೆನ್ನು ತಟ್ಟಿದ. ಅರ್ಥ ಹೇಳಲು ಕೂತವನ ಬೆನ್ನ ಹಿಂದೆ ಇನ್ನೊಬ್ಬರು ಕುಳಿತು ಮಾತು ಹೇಳಿಕೊಟ್ಟಂತೆ ಆಯಿತು ನನಗೆ. ಕಾಫಿ ಕುಡಿಯುವ ನೆಪದಿಂದ ಎದ್ದು ಒಳಗೆ ಹೋದೆ.

ಬೆಂಗಳೂರಿನಲ್ಲಿ ಇಂಥ ಆಟಗಳನ್ನು ತಯಾರಿಸುವ ಕಡೆ ಕೆಲಸಕ್ಕಿರುವ ನನ್ನ ಹಳೆಯ ಶಿಷ್ಯನೊಬ್ಬನಲ್ಲಿ ಈ ದುಃಖವನ್ನು ತೋಡಿಕೊಂಡೆ. “ಮಾಷ್ಟ್ರೇ, ಆ ಸರದಿ ಇದ್ದದ್ದು ಹಳೆಯ ಯಂತ್ರಗಳಿಗೆ ಶಕ್ತಿ ಇರಲಿಲ್ಲವೆಂದು. ಈಗ ಶಕ್ತಿ ಉಂಟು, ಆದ್ದರಿಂದ ಬೇಡ” ಎಂದು ಅವನ ವಾದ. ಮೊದಲರ್ಧವನ್ನು ಒಪ್ಪುತ್ತೇನೆ. ಕೂಟವೂ ಮಳೆಗಾಲದ ಅನಿವಾರ್ಯದಿಂದ ಬೆಳೆದದ್ದೇ. ಬಯಲಿನಲ್ಲಿ ಆಡಲಾಗದು, ಕಲಾವಿದರು ಮನೆಯಲ್ಲಿದ್ದಾರೆ, ಚಾವಡಿಯಲ್ಲಿ ಜಾಗವಿದೆ, ಕುಳಿತು ಮಾತಾಡೋಣ ಎಂದಾಯಿತು. ಆದರೆ ಮಳೆ ನಿಂತ ಮೇಲೂ ಕೂಟ ನಿಲ್ಲಲಿಲ್ಲವಲ್ಲ! ಕೊರತೆಯಿಂದ ಹುಟ್ಟಿದ್ದು ತನ್ನದೇ ಒಂದು ಕಲೆಯಾಗಿ ನಿಂತಿತು. ವೇಷಭೂಷಣಕ್ಕೆ ಹಣ ಬಂತು, ಇನ್ನು ತಾಳಮದ್ದಳೆ ಬೇಡ ಎಂದು ಯಾರಾದರೂ ಹೇಳಿದರೆ ಅವರಿಗೆ ಎರಡರ ಗಂಧವೂ ಇಲ್ಲವೆಂದು ತಿಳಿಯಬೇಕು.

ತರುಣರಿಗೆ ಸರದಿ ರುಚಿಸದು ಎಂಬುದೂ ನಿಜವಾಗಿ ಕಾಣುವುದಿಲ್ಲ. ಡ್ರ್ಯಾಗನ್ ಕ್ವೆಸ್ಟ್ 2017ರ ಹನ್ನೊಂದನೆಯ ಕಂತಿನಲ್ಲಿಯೂ ಸರದಿಯನ್ನು ಬಿಡಲಿಲ್ಲ. ಶಾಲಾಮಕ್ಕಳು ಚಕ್ಕರ್ ಹಾಕಿದ್ದ ಆ ಮೂರನೆಯದನ್ನು 2024ರಲ್ಲಿ ಹೊಸ ಬಣ್ಣದೊಡನೆ ತಂದಾಗಲೂ ಸರದಿ ಹಾಗೆಯೇ ಇತ್ತು. ಫೈನಲ್ ಫ್ಯಾಂಟಸಿ ಸರದಿಯನ್ನು ಪೂರ್ತಿ ಕೈಬಿಟ್ಟ 2023ರಲ್ಲಿಯೇ ‘ಬಾಲ್ಡರ್ಸ್ ಗೇಟ್ 3’ ಎಂಬ ಸರದಿಯ ಆಟ ವರ್ಷದ ದೊಡ್ಡ ಪ್ರಶಸ್ತಿಗಳನ್ನೆಲ್ಲ ಬಾಚಿಕೊಂಡಿತು. 2025ರ ಏಪ್ರಿಲಿನಲ್ಲಿ ಫ್ರಾನ್ಸಿನ ಒಂದು ಹೊಸ ತಂಡ ‘ಕ್ಲೇರ್ ಒಬ್‌ಸ್ಕ್ಯೂರ್’ ಎಂಬುದನ್ನು ತಂದಿತು. ಹಳೆಯ ಫೈನಲ್ ಫ್ಯಾಂಟಸಿಯ ಮೇಲಿನ ಪ್ರೀತಿಯಿಂದ ಮಾಡಿದ ಆಟ ಅದು. ಅದರಲ್ಲಿಯೂ ಸರದಿಯುಂಟು, ವೈರಿಯ ಸರದಿಯಲ್ಲಿ ತಕ್ಕ ಕ್ಷಣಕ್ಕೆ ಗುಂಡಿ ಒತ್ತಿ ತಪ್ಪಿಸಿಕೊಳ್ಳುವ ಚುರುಕೂ ಉಂಟು. ಇತ್ತ ಹದಿನಾರನೆಯದು ಮೊದಲ ವಾರದಲ್ಲಿಯೇ ಮೂವತ್ತು ಲಕ್ಷ ಪ್ರತಿ ಹೋದರೂ, ಲಾಭ ಎಣಿಸಿದಷ್ಟು ಬರಲಿಲ್ಲವೆಂದು ಕಂಪನಿಯವರೇ 2024ರಲ್ಲಿ ಒಪ್ಪಿಕೊಂಡರು. ಅದಕ್ಕೆ ಸರದಿ ಬಿಟ್ಟದ್ದೇ ಕಾರಣವೆಂದು ನಾನು ಹೇಳಲಾರೆ. ವ್ಯಾಪಾರದ ಲೆಕ್ಕ ಬೇರೆ.

ನನ್ನ ವಾದದಲ್ಲಿಯೂ ತೂತಿದೆ ಎಂಬುದನ್ನು ಮರೆಮಾಚುವುದಿಲ್ಲ. ಯಕ್ಷಗಾನ ಕಾಲಮಿತಿಗೆ ಬಂದಾಗ ದೊಡ್ಡ ದನಿಯಲ್ಲಿ ವಿರೋಧಿಸಿದವರ ಸಾಲಿನಲ್ಲಿ ನಾನಿರಲಿಲ್ಲ. ಮಂಡಿನೋವಿನವನಿಗೆ ರಾತ್ರಿ ಹನ್ನೆರಡೂವರೆಗೆ ಮನೆಗೆ ಮುಟ್ಟುವುದು ಅನುಕೂಲವೇ ಆಯಿತು. ನನಗೆ ಅನುಕೂಲವಾದ ಬದಲಾವಣೆ ಸುಧಾರಣೆ, ಅನನುಕೂಲವಾದದ್ದು ಅಧೋಗತಿ ಎಂದರೆ ಯಾರಾದರೂ ನಗುತ್ತಾರೆ. ಆದರೂ ಒಂದು ವ್ಯತ್ಯಾಸವನ್ನು ಗಮನಿಸಬೇಕೆಂದು ನನ್ನ ಅಂಬೋಣ. ಕಾಲಮಿತಿಯಲ್ಲಿ ಪ್ರಸಂಗ ಗಿಡ್ಡವಾಯಿತು, ಪೀಠಿಕೆ ಮೊಟಕಾಯಿತು. ಆದರೆ ಒಬ್ಬ ಮಾತಾಡುವಾಗ ಇನ್ನೊಬ್ಬ ಕೇಳುವುದು ಹೋಗಲಿಲ್ಲ. ಈ ಮಾಲಿಕೆ ಗಿಡ್ಡವಾಗಿಲ್ಲ, ಇನ್ನೂ ಉದ್ದವೇ ಆಗಿದೆ. ತೆಗೆದುಹಾಕಿದ್ದು ಕಾಯುವುದನ್ನು ಮಾತ್ರ.

ಮೊಮ್ಮಗನೂ ಸುಮ್ಮನಿರಲಿಲ್ಲ. “ಅಜ್ಜ, ಹೊಸತರಲ್ಲಿಯೂ ಯೋಚನೆ ಇದೆ. ಕೈಯೇ ಯೋಚಿಸ್ತದೆ” ಎಂದ. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಚೆಂಡೆಯ ಪೆಟ್ಟಿಗೆ ಸರಿಯಾಗಿ ದಿಗಿಣ ಹಾರುವ ವೇಷಧಾರಿಯ ಕಾಲಿಗೆ ಬುದ್ಧಿಯಿಲ್ಲವೆಂದು ಹೇಳಲು ನನಗೆ ನಾಲಿಗೆ ಬಾರದು. ಆಟ ಕೂಟಕ್ಕಿಂತ ಕೀಳಲ್ಲ. ನನ್ನ ದೂರು ಇಷ್ಟೇ: ಹಳೆಯದರಲ್ಲಿ ಆಡುವವನ ಪಕ್ಕದಲ್ಲಿ ಇನ್ನೊಬ್ಬನಿಗೆ ಚಾಪೆ ಹಾಸಿತ್ತು. ‘ಈಗ ಮಂತ್ರ ಹಾಕು’, ‘ಬೇಡ, ಮದ್ದು ಕೊಡು’ ಎಂದು ಚರ್ಚಿಸಲು ಹೊತ್ತಿತ್ತು. ಹನ್ನೆರಡರವನೂ ಎಪ್ಪತ್ತರವನೂ ಒಂದೇ ಪಕ್ಷದಲ್ಲಿರಬಹುದಿತ್ತು. ಹೊಸತರಲ್ಲಿ ಪಕ್ಕದವನು ಬರಿಯ ಪ್ರೇಕ್ಷಕ.

ಹೀಗೆ ಸರದಿಯ ಬಗ್ಗೆ ವಾದಿಸುತ್ತ ಹೋದಂತೆ ನನ್ನ ತರಗತಿಯೇ ನೆನಪಿಗೆ ಬಂತು. ಏಳನೆಯ ತರಗತಿಯಲ್ಲಿ ಕಿಟಕಿಯ ಪಕ್ಕ ಕೂರುತ್ತಿದ್ದ ಹುಡುಗನೊಬ್ಬನಿದ್ದ. ಪ್ರಶ್ನೆ ಕೇಳಿದರೆ ಎದ್ದು ನಿಲ್ಲುತ್ತಿದ್ದ, ಮಾಡಿನ ಹಂಚು ನೋಡುತ್ತಿದ್ದ, ತುಟಿ ಅಲುಗಿಸಲು ತೊಡಗುತ್ತಿದ್ದ. ಅಷ್ಟರಲ್ಲಿ ನಾನು “ಕೂತುಕೋ, ಮುಂದಿನವ” ಎನ್ನುತ್ತಿದ್ದೆ. ಇಡೀ ವರ್ಷ ಹೀಗೆಯೇ ನಡೆಯಿತು. ಎಷ್ಟೋ ವರ್ಷಗಳ ಮೇಲೆ ವಿಟ್ಲದಲ್ಲಿ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ನನ್ನ ಪಕ್ಕದಲ್ಲಿ ಕುಳಿತವನು, ತಾನು ಯಾರೆಂದು ಹೇಳಿ, ನಗುತ್ತಲೇ ಹೇಳಿದ: “ಮಾಷ್ಟ್ರೇ, ಹೆಚ್ಚಿನ ಸರ್ತಿ ನನಗೆ ಉತ್ತರ ಗೊತ್ತಿತ್ತು. ಬಾಯಿಗೆ ಬರುವಾಗ ನಿಮ್ಮ ಬೆರಳು ಮುಂದಿನವನ ಮೇಲಿರುತ್ತಿತ್ತು.” ಪಾಠಪಟ್ಟಿ ಮುಗಿಯಬೇಕಿತ್ತು, ಐವತ್ತು ಮಕ್ಕಳಿದ್ದರು ಎಂದು ನಾನು ಏನೋ ಹೇಳಿದೆ. ಬಡಿಸುವವರು ಸಾರು ತಂದರು, ಮಾತು ಅಲ್ಲಿಗೇ ನಿಂತಿತು. ಆಟಿಯ ಆ ಮಧ್ಯಾಹ್ನ ಪರದೆಯ ರಾಕ್ಷಸ ನನ್ನ ಬೆರಳಿಗಾಗಿ ಅಲುಗದೆ ಕಾದುನಿಂತಾಗ, ಪಂಕ್ತಿಯಲ್ಲಿ ಹೇಳಲಾಗದೆ ಉಳಿದದ್ದು ಏನೆಂದು ನನಗೆ ಸ್ಪಷ್ಟವಾಯಿತು. ಅವನು ಇದನ್ನು ಓದುತ್ತಿದ್ದರೆ ಬರೆಯಲಿ. ಇಂಥ ಹೊತ್ತಿನೊಳಗೆ ಎಂದೇನೂ ಇಲ್ಲ.

ಕಳೆದ ರಜೆಯಲ್ಲಿ ಮೊಮ್ಮಗ ನಾಲ್ಕು ದಿನದ ಮಟ್ಟಿಗೆ ಕನ್ಯಾನಕ್ಕೆ ಬಂದಿದ್ದ. ಪಿ.ಯು.ಸಿ.ಯ ಪುಸ್ತಕಗಳ ನಡುವೆ ಲ್ಯಾಪ್‌ಟಾಪನ್ನೂ ಇಟ್ಟುಕೊಂಡಿದ್ದ. ಹದಿನಾರನೆಯದೇನೋ ಎಂದು ನಾನು ಎದೆ ಗಟ್ಟಿ ಮಾಡಿಕೊಂಡೆ. ತೆರೆದದ್ದು ಹತ್ತನೆಯದು. ನಾಯಕನಿಗೆ ‘ಅಜ್ಜ’ ಎಂದು ಹೆಸರಿಟ್ಟ. ಯಾರೂ ಆ ಹೆಸರು ಹಿಡಿದು ಕರೆಯುವುದಿಲ್ಲವೆಂಬುದು ಇಬ್ಬರಿಗೂ ಗೊತ್ತು, ಆದರೂ ಸರದಿಯ ಪಟ್ಟಿಯ ಬಳಿ ಅದು ಕಾಣಿಸುತ್ತದೆ. ನನ್ನ ಪಾಳಿ ಬಂದಾಗ ಅವನು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ ಕೈಕಟ್ಟಿ ಕೂರುತ್ತಿದ್ದ. ನಾನು ಎಷ್ಟೇ ತಡಮಾಡಿದರೂ ಮೊಬೈಲಿನತ್ತ ನೋಡಲಿಲ್ಲ. ಒಮ್ಮೆ ಮಾತ್ರ, “ಅಜ್ಜ, ಆ ಮದ್ದು ಇದಕ್ಕೆ ನಾಟುದಿಲ್ಲ” ಎಂದು ಮೆಲ್ಲಗೆ ಹೇಳಿದ.

ಗಗಜೆಟ್ ಎಂಬ ಹಿಮದ ಬೆಟ್ಟದವರೆಗೆ ಹತ್ತಿದ್ದೇವೆ. ಅಲ್ಲಿ ಆಟವನ್ನು ಉಳಿಸಿಟ್ಟು ಅವನು ರಾತ್ರಿಯ ಬಸ್ಸಿಗೆ ಹೋದ. ಮುಂದೆ ಬಲವಾದ ವೈರಿಯೊಬ್ಬನಿದ್ದಾನಂತೆ.